ಚಾಯ್ಸಿಗೆ ಬಿಟ್ಟ ಡೈವರ್ಜೆನ್ಸು

ಗಣಿತದಲ್ಲಿ ಓಬುಳಪತಿಗೆ ಬಾರದ್ದು ಒಂದೇ ಒಂದು ವಿಷಯ. ಆ ಒಂದು ವಿಷಯವೇ ಅವನ ವಿಳಾಸ ಹುಡುಕಿಕೊಂಡು ಕಲ್ಯಾಣದುರ್ಗದಿಂದ ಲಕೋಟೆಯೊಳಗೆ ಕೂತು ಬಂತು. ಇದನ್ನು ಹಣೆಬರಹ ಎನ್ನುವವರು ಎನ್ನಲಿ. ಹಿಂದೂಪುರದಲ್ಲಿ ಡಿಗ್ರಿ ಓದಿದವರ ಮಾತಿನಲ್ಲಿ ಇದಕ್ಕೆ ಬೇರೆ ಹೆಸರಿತ್ತು, ಚಾಯ್ಸು.

ಹತ್ತು ಪ್ರಶ್ನೆ ಕೊಟ್ಟು ಐದಕ್ಕೆ ಉತ್ತರಿಸಿ ಎಂದು ಯೂನಿವರ್ಸಿಟಿಯೇ ಔದಾರ್ಯ ತೋರಿದ ಮೇಲೆ ಹತ್ತನ್ನೂ ಓದುವುದು ಆ ಔದಾರ್ಯಕ್ಕೆ ಮಾಡುವ ಅವಮಾನ ಎಂದು ಹುಡುಗರೆಲ್ಲ ನಂಬಿದ್ದ ಕಾಲ ಅದು. ಗಂಟಲಲ್ಲಿ ಇಳಿಯದ ಅಧ್ಯಾಯವನ್ನು ಚಾಯ್ಸಿಗೆ ಬಿಟ್ಟು ಮುಂದಕ್ಕೆ ಹೋಗುತ್ತಿದ್ದರು. ಓಬುಳಪತಿ ಬಿ.ಎಸ್ಸಿ.ಯಲ್ಲಿ ಡೈವರ್ಜೆನ್ಸನ್ನು ಚಾಯ್ಸಿಗೆ ಬಿಟ್ಟ. ಎಂ.ಎಸ್ಸಿ.ಯಲ್ಲಿ ಅದು ಇನ್ನೂ ದಪ್ಪ ಪುಸ್ತಕದಲ್ಲಿ ಎದುರಾದಾಗ ಹಳೆಯ ಪರಿಚಯದ ಮೇಲೆ ಇನ್ನೊಮ್ಮೆ ಬಿಟ್ಟ. ಲೆಕ್ಕ ಮಾಡು ಎಂದರೆ ಮಾಡುತ್ತಿದ್ದ. ತಲೆಕೆಳಗಾದ ಒಂದು ತ್ರಿಕೋನ, ಪಕ್ಕಕ್ಕೊಂದು ಚುಕ್ಕೆ, ಆಮೇಲೆ ಮೂರು ಸಲ ಡಿಫರೆನ್ಷಿಯೇಟ್ ಮಾಡಿ ಮೂರನ್ನೂ ಕೂಡಿದರೆ ಪುಸ್ತಕದ ಹಿಂದಿನ ಉತ್ತರಕ್ಕೆ ಸರಿಯಾಗಿ ಬಂದು ನಿಲ್ಲುತ್ತಿತ್ತು. ಆ ಉತ್ತರ ಏನನ್ನು ಹೇಳುತ್ತಿದೆ ಎಂದು ಅವನೂ ಕೇಳಲಿಲ್ಲ, ಅದೂ ಹೇಳಲಿಲ್ಲ. ಇಬ್ಬರೂ ಮರ್ಯಾದೆಯಿಂದಲೇ ಇದ್ದರು.

ಹೀಗಿರಲಾಗಿ ಸಾವಿರದ ಒಂಬೈನೂರ ಎಪ್ಪತ್ತಾರರ ಅಕ್ಟೋಬರಿನಲ್ಲಿ ಕಾಗದ ಬಂತು. ಕಲ್ಯಾಣದುರ್ಗದಲ್ಲಿ ಹೊಸದಾಗಿ ತೆರೆದ ಒಂದು ಖಾಸಗಿ ಕಾಲೇಜಿಗೆ ಗಣಿತದ ಲೆಕ್ಚರರ್ ಬೇಕಾಗಿದ್ದರು. ಅರ್ಜಿ ಹಾಕಿದವರು ಹತ್ತು ದಿನದ ಮೇಲೆ ಬಂದು ಕಮಿಟಿಯ ಎದುರು ಮುಕ್ಕಾಲು ಗಂಟೆ ಪಾಠ ಮಾಡಿ ತೋರಿಸಬೇಕು, ವಿಷಯ ಡೈವರ್ಜೆನ್ಸ್ ಎಂದು ಟೈಪಾಗಿತ್ತು. ಅನಂತಪುರದಿಂದ ಪರೀಕ್ಷೆ ಮಾಡಲು ಬರಲಿದ್ದ ಪ್ರೊಫೆಸರೊಬ್ಬರು ಅದರ ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಸಾಲು ಸೇರಿಸಿದ್ದರು. ಸೂತ್ರ ಬರೆದರೆ ಸಾಲದು, ಅರ್ಥ ತಿಳಿಸಬೇಕು.

ಈ ಕೆಲಸ ಸಿಗದಿದ್ದರೆ ಆಕಾಶವೇನೂ ಕಳಚಿ ಬೀಳುತ್ತಿರಲಿಲ್ಲ, ಓಬುಳಪತಿಯ ಸಂಸಾರದ ಮಾನ ಮಾತ್ರ ಬೀಳುತ್ತಿತ್ತು. ಎರಡು ವರ್ಷದ ಹಿಂದೆ ಮದುವೆ ಮಾತುಕತೆಯಲ್ಲಿ ಹೆಣ್ಣಿನ ತಂದೆ, ಬೆಳುಗುಪ್ಪದ ವೆಂಕಟರಾಯಪ್ಪನವರು, ಕೆಲಸ ಪರ್ಮನೆಂಟಾ ಎಂದು ಕೇಳಿದ್ದರು. ಆಗ ಓಬುಳಪತಿಯ ಬಾಯಲ್ಲಿ ಇಡೀ ಲಾಡು ಇತ್ತು. ಅವನು ಲಾಡನ್ನು ಉದ್ದೇಶಿಸಿ ತಲೆಯಾಡಿಸಿದ, ಹಿರಿಯರು ಅದನ್ನು ಕೆಲಸಕ್ಕೆ ಅನ್ವಯಿಸಿಕೊಂಡರು. ನುಂಗಿದ ಮೇಲೆ ತಿದ್ದಬಹುದಿತ್ತು, ಅಷ್ಟರಲ್ಲಿ ಎಲೆ ಅಡಿಕೆ ತಟ್ಟೆ ಬಂದಿತ್ತು. ನಿಜದಲ್ಲಿ ಅವನು ಹಿಂದೂಪುರದ ಒಂದು ಟ್ಯುಟೋರಿಯಲ್ಲಿನಲ್ಲಿ ಟೆಂಪೊರರಿ ಮೇಷ್ಟ್ರು. ಏಪ್ರಿಲಿನಲ್ಲಿ ಕಳಿಸುತ್ತಿದ್ದರು, ಜುಲೈನಲ್ಲಿ ಕಾಗದ ಹಾಕಿ ಕರೆಸಿಕೊಳ್ಳುತ್ತಿದ್ದರು. ಮುಂದಿನ ಜುಲೈಗೆ ಕಾಗದ ಬರುವುದಿಲ್ಲ ಎಂದು ಅದರ ಯಜಮಾನರು ಆಗಲೇ ಹೇಳಿಬಿಟ್ಟಿದ್ದರು. ಕಲ್ಯಾಣದುರ್ಗದ ಕೆಲಸ ಕೈಗೆ ಬಂದರೆ ಎರಡು ವರ್ಷದ ಸುಳ್ಳು ತನ್ನಷ್ಟಕ್ಕೆ ತಾನೇ ನಿಜವಾಗಿಬಿಡುತ್ತಿತ್ತು.

ಹೆಂಡತಿ ಆದಿಲಕ್ಷ್ಮಿ ಅದೇ ದಿನ ತವರಿಗೆ ಕಾರ್ಡ್ ಬರೆದಳು. ಇವರು ನಮ್ಮ ಕಡೆಯ ಕಾಲೇಜಿಗೇ ಬರಲಿದ್ದಾರೆ, ಅಲ್ಲೊಂದು ಪಾಠ ಇದೆ ಎಂದಷ್ಟೇ ಬರೆದದ್ದು. ವೆಂಕಟರಾಯಪ್ಪನವರ ಉತ್ತರ ಬೇಗ ಬಂತು. ಅಳಿಯಂದಿರ ಪಾಠ ಕೇಳಲು ಊರಿನ ಇಪ್ಪತ್ತು ಮೂವತ್ತು ಜನ ಟ್ರ್ಯಾಕ್ಟರಿನಲ್ಲಿ ಬರುತ್ತೇವೆ, ಹಾರ ನಾವೇ ತರುತ್ತೇವೆ ಎಂದು ಅದರಲ್ಲಿತ್ತು. ಕಾರ್ಡ್ ಓದಿದ ಓಬುಳಪತಿ ಕೂತಲ್ಲಿಂದ ಎದ್ದ. ಪಾಠದ ದಿನದವರೆಗೂ ಅವನು ಸರಿಯಾಗಿ ಕೂತದ್ದನ್ನು ಕಂಡವರಿಲ್ಲ.

ಮೊದಲು ಓಡಿದ್ದು ತನಗೆ ಪಾಠ ಹೇಳಿದ್ದ ನಿವೃತ್ತ ಮುನೆಪ್ಪ ಮೇಷ್ಟ್ರ ಮನೆಗೆ. ಮೇಷ್ಟ್ರು ಕನ್ನಡಕ ಒರೆಸಿದರು, ಕಾಫಿ ತರಿಸಿದರು, ಬಾಗಿಲು ಮುಂದಕ್ಕೆ ಹಾಕಿ ಬಂದು ಕೂತರು.

"ಅದನ್ನ ನಾನೂ ಚಾಯ್ಸಿಗೆ ಬಿಟ್ಟಿದ್ದೆ ಕಣಪ್ಪ. ನಮ್ಮ ಮೇಷ್ಟ್ರೂ ಬಿಟ್ಟಿದ್ರಂತೆ. ಇದು ನಮ್ಮಲ್ಲಿ ಗುರುಪರಂಪರೆಯಿಂದ ಬಂದಿರೋದು."

ಆದರೂ ಶಿಷ್ಯನನ್ನು ಬರಿಗೈಯಲ್ಲಿ ಕಳಿಸುವುದು ಅವರ ಮನಸ್ಸಿಗೆ ಒಗ್ಗಲಿಲ್ಲ. ಯಾವುದೋ ಪುಸ್ತಕದಲ್ಲಿ ಓದಿದ ನೆನಪು ತೆಗೆದು ಹೇಳಿದರು. ನೀರೋ ಗಾಳಿಯೋ ಹರಿಯುತ್ತಿರುವ ಕಡೆ ಮನಸ್ಸಿನಲ್ಲೇ ಒಂದು ಪೆಟ್ಟಿಗೆ ಇಟ್ಟುಕೊಳ್ಳಬೇಕು. ಅದರೊಳಕ್ಕೆ ಎಷ್ಟು ಬಂತು, ಅದರಿಂದ ಹೊರಕ್ಕೆ ಎಷ್ಟು ಹೋಯಿತು ಎಂದು ಎಣಿಸಬೇಕು. ಡೈವರ್ಜೆನ್ಸ್ ಆ ಲೆಕ್ಕದ ಒಳಗೆಲ್ಲೋ ಇದೆ. ಸಿಕ್ಕಿದರೆ ತಮಗೂ ಒಂದು ಕಾರ್ಡ್ ಹಾಕು ಎಂದು ಬೀಳ್ಕೊಟ್ಟರು.

ಹಿಂದೂಪುರದಲ್ಲಿ ಆ ವರ್ಷ ಹರಿಯುವ ನೀರನ್ನು ಹುಡುಕಿಕೊಂಡು ಹೋಗುವುದು ಬುದ್ಧಿವಂತರ ಲಕ್ಷಣವಾಗಿರಲಿಲ್ಲ. ಹರಿಯುತ್ತಿದ್ದವರು ಜನ ಮಾತ್ರ. ಆದ್ದರಿಂದ ಓಬುಳಪತಿ ಉದ್ದನೆಯ ಒಂದು ನೋಟ್‌ಬುಕ್ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋಗಿ, ಆಂಜಿನಪ್ಪನ ಟೀ ಅಂಗಡಿಯ ಬೆಂಚಿನ ಪಕ್ಕದಲ್ಲಿ ನಿಂತ. ಬಸ್‌ಸ್ಟ್ಯಾಂಡ್ ಒಂದು ಪೆಟ್ಟಿಗೆ, ಎರಡು ಗೇಟು. ಒಳಕ್ಕೆ ಬಂದವರಿಗೆ ಎಡಗಡೆ ಗೀಟು, ಹೊರಕ್ಕೆ ಹೋದವರಿಗೆ ಬಲಗಡೆ ಗೀಟು. ಬೆಳಗಿನಿಂದ ಮಧ್ಯಾಹ್ನದವರೆಗೆ ನೂಕುನುಗ್ಗಲು, ಮೂಟೆ, ಕೋಳಿ, ಕೂಗಾಟ. ಕೊನೆಗೆ ಕೂಡಿ ನೋಡಿದರೆ ಬಂದವರು ನಾನ್ನೂರ ಹನ್ನೆರಡು, ಹೋದವರೂ ನಾನ್ನೂರ ಹನ್ನೆರಡು. ಉತ್ತರ ಸೊನ್ನೆ. ಇಷ್ಟು ಗಲಾಟೆಗೆ ಸೊನ್ನೆಯೇ ಎಂದು ಅವನಿಗೆ ಸಂಕಟವಾಯಿತು.

ಇಲ್ಲಿ ಕಾಲದ ವಿಷಯ ಒಂದು ಮಾತು ಹೇಳಲೇಬೇಕು. ಎಮರ್ಜೆನ್ಸಿ ನಡೆಯುತ್ತಿತ್ತು. ಕುಟುಂಬ ಯೋಜನೆಯ ಕೆಂಪು ತ್ರಿಕೋನ ಗೋಡೆಗೋಡೆಯ ಮೇಲೆ ಕೂತಿತ್ತು. ಗಂಡಸರನ್ನು ಹಿಡಿದು ಮಕ್ಕಳಾಗದಂತೆ ಆಪರೇಷನ್ ಮಾಡಿಸುತ್ತಾರಂತೆ, ಮೇಷ್ಟ್ರುಗಳಿಗೆಲ್ಲ ಇಷ್ಟಿಷ್ಟು ಕೇಸು ತರಬೇಕೆಂದು ಕಟ್ಟಪ್ಪಣೆಯಂತೆ, ತರದವರ ಕೆಲಸ ಹೋಗುತ್ತದಂತೆ ಎಂಬ ಸುದ್ದಿ ಬಸ್ಸಿಗಿಂತ ಮುಂಚೆ ಊರೂರು ತಲುಪುತ್ತಿತ್ತು. ಅದರಲ್ಲಿ ನಿಜವೆಷ್ಟು, ಅಂತೆಕಂತೆ ಎಷ್ಟು ಎಂದು ತೂಗಿ ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಅಂಥ ದಿನಗಳಲ್ಲಿ ಒಬ್ಬ ಮೇಷ್ಟ್ರು ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಹೋಗಿಬರುವ ಗಂಡಸರನ್ನು ನೋಡಿ ನೋಡಿ ಪುಸ್ತಕದಲ್ಲಿ ಗೀಟು ಹಾಕುತ್ತಿದ್ದ. ನೋಟ್‌ಬುಕ್ಕಿನ ಅಟ್ಟೆಯ ಮೇಲೆ ದೊಡ್ಡದಾಗಿ ಒಂದು ತ್ರಿಕೋನವನ್ನೂ ಬರೆದಿದ್ದ. ಅದು ತಲೆಕೆಳಗಾಗಿತ್ತು, ಗೋಡೆಯ ಮೇಲಿನದೂ ತಲೆಕೆಳಗಾಗಿಯೇ ಇತ್ತು.

ಮಧ್ಯಾಹ್ನದ ಹೊತ್ತಿಗೆ ಆಂಜಿನಪ್ಪ ಟೀ ಕೊಡುವ ನೆಪದಲ್ಲಿ ಹತ್ತಿರ ಬಂದು, ಏನು ಬರೆಯುತ್ತಿದ್ದೀರಿ ಎಂದು ವಿಚಾರಿಸಿದ. ಪಾಠ ಬರುವುದಿಲ್ಲ, ಕಲಿಯುತ್ತಿದ್ದೇನೆ ಎಂದು ಒಂದು ಮಾತು ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮೇಷ್ಟ್ರಾದವನು ಟೀ ಅಂಗಡಿಯವನ ಎದುರು ಹಾಗೆ ಹೇಳುವುದುಂಟೆ.

"ಅದೆಲ್ಲ ಹೇಳೋ ಹಂಗಿಲ್ಲ ಆಂಜಿನಪ್ಪ. ಮೇಲಿಂದ ಕಾಗದ ಬಂದೈತೆ, ಕೆಂಪು ಶಾಯೀಲಿ. ಹತ್ತು ದಿನದೊಳಗೆ ಮುಗಿಸ್ಬೇಕು, ಇಲ್ದಿದ್ರೆ ನನ್ನ ಕೆಲಸ ಇಲ್ಲ ಅನ್ಕೊ."

ಆಂಜಿನಪ್ಪನಿಗೆ ಮೂರು ಮಕ್ಕಳಿದ್ದವು. ಅವನು ಟೀ ಲೋಟ ಅಲ್ಲೇ ಬಿಟ್ಟು ಅಂಗಡಿಯೊಳಗೆ ಹೋಗಿ, ಒಲೆಯ ಹಿಂದೆ ನಿಂತುಕೊಂಡ.

ಮಾರನೆಯ ದಿನ ಓಬುಳಪತಿಗೆ ಹೊಸದೊಂದು ಹೊಳೆಯಿತು. ಬಂದಷ್ಟೇ ಹೋಗುವ ಕಡೆ ಸೊನ್ನೆ ಬಂದರೆ, ಬಂದದ್ದಕ್ಕಿಂತ ಹೆಚ್ಚು ಹೋಗುವ ಜಾಗ ಯಾವುದು? ಹೆರಿಗೆ ಆಸ್ಪತ್ರೆ. ಒಳಕ್ಕೆ ಇಬ್ಬರು ಹೋದರೆ ಹೊರಕ್ಕೆ ಮೂವರು ಬರುತ್ತಾರೆ. ಅಲ್ಲಿಗೆ ಓಡಿಹೋಗಿ ಗೇಟಿನಲ್ಲಿ ನಿಂತ. ಸಂಜೆಗೆ ಉತ್ತರ ಪ್ಲಸ್ ನಾಲ್ಕು, ಅದರಲ್ಲೊಂದು ಅವಳಿ. ಆ ಖುಷಿಯಲ್ಲಿ ಅವನು, ಮಗು ಎತ್ತಿಕೊಂಡು ಹೊರಬಂದ ಒಬ್ಬ ತಂದೆಯನ್ನು ತಡೆದು ಇದು ಎಷ್ಟನೆಯದು ಎಂದು ಕೇಳಿದ. ಆ ಮನುಷ್ಯ ಮಗುವನ್ನು ಅತ್ತೆಯ ಕೈಗೆ ಹಾಕಿ ತಿರುಗಿ ನೋಡದೆ ನಡೆದ. ಬಂದದ್ದಕ್ಕಿಂತ ಕಡಿಮೆ ಹೋಗುವ ಜಾಗವೂ ಬೇಕಲ್ಲ ಎಂದು ಅದರ ಮರುದಿನ ಯಾರದೋ ಹೆಣದ ಹಿಂದೆ ಸ್ಮಶಾನದವರೆಗೆ ಹೋಗಿಬಂದ. ಹೋದವರು ನಲವತ್ತೊಂದು, ವಾಪಸು ಬಂದವರು ನಲವತ್ತು, ಉತ್ತರ ಮೈನಸ್ ಒಂದು. ಸತ್ತವರ ಅಣ್ಣ, ನೀವು ಯಾವ ಕಡೆಯ ನೆಂಟರು ಎಂದು ಕೇಳಿದ್ದಕ್ಕೆ, ಲೆಕ್ಕಕ್ಕೆ ಬಂದಿದ್ದೆ ಎಂದು ಪ್ರಾಮಾಣಿಕವಾಗಿ ಉತ್ತರಿಸಿದ.

ಅಷ್ಟರಲ್ಲಿ ಅವನ ಬೀದಿಯಲ್ಲಿ ಬೇರೆಯದೇ ಹರಿವು ಶುರುವಾಗಿತ್ತು. ಒಂದು ಬೆಳಿಗ್ಗೆ ಜಗುಲಿಯ ಮೇಲೆ ನಿಂತು ಬೀದಿಯನ್ನೇ ಪೆಟ್ಟಿಗೆ ಮಾಡಿಕೊಂಡು ಎಣಿಸಿದರೆ, ಒಳಕ್ಕೆ ಬಂದವರು ಯಾರೂ ಇಲ್ಲ, ಕೈಚೀಲ ಹಿಡಿದು ಹೊರಕ್ಕೆ ಹೋದ ಗಂಡಸರು ಹದಿನಾರು. ಕೆಲವರು ಕೊಡಿಕೊಂಡದ ಹೆದ್ದಾರಿಯ ಲಾರಿಗಳ ಕಡೆಗೆ, ಕೆಲವರು ಕರ್ನಾಟಕದ ನೆಂಟರ ಕಡೆಗೆ. ಅವನು ಸಂತೋಷದಿಂದ ಪ್ಲಸ್ ಹದಿನಾರು ಎಂದು ಬರೆದು ಕೆಳಗೆ ಎರಡು ಗೆರೆ ಎಳೆದ. ಆ ಗೆರೆ ಎಳೆದದ್ದನ್ನು ಎದುರುಮನೆಯ ಕಿಟಕಿಯಿಂದ ಕಂಡವರು ಹದಿನೇಳನೆಯವರಾಗಿ ಹೊರಟರು.

ಪಕ್ಕದ ಮನೆಯ ಮುನಿಯಕ್ಕ ಮಾತ್ರ ಗಂಡನನ್ನು ಅಕ್ಕಿ ಡ್ರಮ್ಮಿನ ಹಿಂದೆ ಕೂರಿಸಿ ತಾನೇ ಬಂದಳು.

"ಅಯ್ಯೋರೆ, ನಮ್ಮೆಜಮಾನ್ರ ಹೆಸರು ಬರ್ಕೊಂಡಿದ್ರೆ ಹೊಡೆದಾಕ್ಬಿಡಿ. ನಮಗಿರೋವು ಎರಡೇ, ಎರಡೂ ಹೆಣ್ಣು."

ಓಬುಳಪತಿಯ ತಲೆಯಲ್ಲಿ ಪ್ಲಸ್ಸೂ ಮೈನಸ್ಸೂ ಕುಣಿಯುತ್ತಿದ್ದವು. ಇವಳಿಗೂ ಗಣಿತದಲ್ಲಿ ಆಸಕ್ತಿ ಹುಟ್ಟಿದೆಯೆಂದು ಭಾವಿಸಿ ಸಮಾಧಾನದ ಮಾತು ಹೇಳಿದ.

"ಹೆಸರು ಗಿಸರು ನಂಗ್ಯಾಕಕ್ಕ. ತಲೆ ಲೆಕ್ಕ ಸಿಕ್ಕಿದ್ರೆ ಸಾಕು."

ಮುನಿಯಕ್ಕ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಹೋಗಿ ಆದಿಲಕ್ಷ್ಮಿಯ ಎದುರು ಕೂತು ಅತ್ತಳು. ಆದಿಲಕ್ಷ್ಮಿಗೆ ಆಗ ಎಲ್ಲ ಅರ್ಥವಾಯಿತು. ನಗುವುದೋ ಅಳುವುದೋ ತಿಳಿಯದೆ ಅವಳು ಗಂಡನಿಗೆ ಊರಿನವರು ಅಂದುಕೊಂಡದ್ದನ್ನು ಎರಡು ಸಲ ಬಿಡಿಸಿ ಹೇಳಿದಳು. ಎರಡು ಸಲವೂ ಅವನು ಹೂಂ ಎಂದು, ಪ್ಲಸ್ ಹದಿನಾರು ಬೀದಿಯ ಯಾವ ಚುಕ್ಕೆಯಲ್ಲಿ ಎಂದು ಅವಳನ್ನೇ ಕೇಳಿದ. ಅವನ ಹೊಸ ಪೀಡೆ ಅದಾಗಿತ್ತು. ಪುಸ್ತಕ ಡೈವರ್ಜೆನ್ಸ್ ಎಂಬುದು ಒಂದು ಚುಕ್ಕೆಯಲ್ಲಿ ಇರುತ್ತದೆ ಎನ್ನುತ್ತಿತ್ತು. ಇಡೀ ಬೀದಿಗೆ ಲೆಕ್ಕ ಸಿಕ್ಕಿತು, ಆಸ್ಪತ್ರೆಗೆ ಸಿಕ್ಕಿತು, ಚುಕ್ಕೆಗೆ ಹೇಗೆ ಸಿಗಬೇಕು? ಆದಿಲಕ್ಷ್ಮಿ ಎರಡು ಜೊತೆ ಬಟ್ಟೆ ಗಂಟು ಕಟ್ಟಿ, ಬೀದಿಯವರು ಕಲ್ಲು ಹೊಡೆಯುವುದಕ್ಕೆ ಮುಂಚೆ ಗಂಡನನ್ನು ಬಸ್ಸು ಹತ್ತಿಸಿ ತವರಿಗೆ ಕರೆದುಕೊಂಡು ಹೋದಳು.

ಬೆಳುಗುಪ್ಪದಲ್ಲಿ ಬಸ್ಸಿಳಿದಾಗ ರಸ್ತೆ ಬದಿಯ ಕಟ್ಟೆಯ ಮೇಲೆ ಯಾರೋ ಎದ್ದು ನಿಂತಂತಾಯಿತು. ಅದು ಆಂಜಿನಪ್ಪ. ಓಬುಳಪತಿಯಿಂದ ತಪ್ಪಿಸಿಕೊಂಡು ಮೂರು ಬಸ್ಸು ಬದಲಿಸಿ ಅಕ್ಕ ಗಂಗುಲಮ್ಮನ ಮನೆಗೆ ಬಂದು ಸೇರಿದ್ದ. ಮೇಷ್ಟ್ರನ್ನು ಕಂಡವನು ಆ ರಾತ್ರಿಯೊಳಗೆ ಊರಿನ ಗಂಡಸರಿಗೆಲ್ಲ ವಿಷಯ ಮುಟ್ಟಿಸಿದ. ಹಿಂದೂಪುರ ಮುಗಿಯಿತು, ಈಗ ಇಲ್ಲಿಗೆ ಬಂದಿದ್ದಾನೆ, ಹತ್ತು ದಿನದೊಳಗೆ ಕೇಸು ತುಂಬದಿದ್ದರೆ ಕೆಲಸ ಹೋಗುತ್ತದಂತೆ. ವೆಂಕಟರಾಯಪ್ಪನವರ ಅಳಿಯನ ಮೇಲೆ ಇಂಥ ಮಾತನ್ನು ವೆಂಕಟರಾಯಪ್ಪನವರ ಎದುರಿಗೇ ಹೇಳುವ ಮಂದಿ ಅಲ್ಲಿರಲಿಲ್ಲ. ಆದರೂ ಮಾತು ಅವರ ಕಿವಿಗೆ ಬಿತ್ತು. ಅವರು ಹೊಗೆಸೊಪ್ಪು ಹಾಕಿಕೊಂಡು ಬಹಳ ಹೊತ್ತು ಯೋಚಿಸಿದರು.

ಮಾವನ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ನಿಲ್ಲಿಸಿದ್ದರು. ಕಂಬದೂರಿನ ಚೌಡಣ್ಣನ ಮಂದೆ. ಮೂರು ದಿನದಿಂದ ನಿದ್ದೆಯಿಲ್ಲದ ಓಬುಳಪತಿ ಬೆಳಕು ಹರಿಯುವ ಹೊತ್ತಿಗೆ ಅಲ್ಲಿಗೆ ಹೋಗಿ ನಿಂತ. ಚೌಡಣ್ಣ ತಡಿಕೆಗಳಿಂದ ಹೊಲದಲ್ಲಿ ನಾಲ್ಕು ಚೌಕ ಮಾಡಿದ್ದ. ಪ್ರತಿ ಚೌಕಕ್ಕೂ ಒಂದೊಂದು ಬೆಣಚುಕಲ್ಲಿನ ಚೀಲ. ಸಂಜೆ ಒಂದು ಕುರಿ ಒಳಗೆ ಹೋದರೆ ಒಂದು ಕಲ್ಲು ಚೀಲಕ್ಕೆ, ಬೆಳಿಗ್ಗೆ ಒಂದು ಹೊರಗೆ ಬಂದರೆ ಒಂದು ಕಲ್ಲು ಚೀಲದಿಂದ ಆಚೆಗೆ. ಓಬುಳಪತಿಯ ಕಣ್ಣೆದುರಿಗೆ ಪೆಟ್ಟಿಗೆ, ಕಣ್ಣೆದುರಿಗೆ ಹರಿವು. ಅವನು ಗಟ್ಟಿಯಾಗಿ ಒಂದು, ಎರಡು, ಮೂರು ಎಂದು ಶುರುಮಾಡಿದ. ಚೌಡಣ್ಣ ಓಡಿಬಂದು ಕಂಬಳಿಯ ಅಂಚಿನಿಂದ ಅವನ ಬಾಯಿ ಮುಚ್ಚಿದ.

"ಬಾಯಲ್ಲಿ ಎಣಿಸ್ಬಾರ್ದು ಕಣಪ್ಪ. ಉಸಿರಿರೋದನ್ನ ಬಾಯಲ್ಲಿ ಎಣಿಸಿದ್ರೆ ಅದು ಬೆದರ್ತದೆ. ಕಲ್ಲಲ್ಲಿ ಎಣಿಸು."

ಆ ಬೆಳಿಗ್ಗೆ ಮಂದೆಯನ್ನು ಹೊರಗೆ ಬಿಡುವ ಮುಂಚೆ ತಲೆಗೊಂದು ಕಲ್ಲು ಹೊಂದಿಸಿ ನೋಡಿದರೆ, ಕಲ್ಲು ಮುಗಿದ ಮೇಲೂ ಒಂದು ಜೀವ ಹೆಚ್ಚಾಗಿತ್ತು. ಮರಿ ಹುಟ್ಟಿದೆ ಎಂದು ಚೌಡಣ್ಣನಿಗೆ ಗೊತ್ತಾಯಿತು, ಎಲ್ಲಿ ಎಂದು ಗೊತ್ತಾಗಲಿಲ್ಲ. ಕುರಿ ಒತ್ತೊತ್ತಾಗಿ ನಿಂತಿದ್ದವು, ಮರಿ ಕಾಲಡಿಗೆ ಸಿಕ್ಕಿದರೆ ಕಷ್ಟ. ಅವನು ಗಾಬರಿಯಾಗದೆ ನಾಲ್ಕೂ ಚೀಲ ನೋಡಿದ. ಎರಡನೆಯ ಚೌಕದಿಂದ ಒಂದು ಕುರಿ ಸಂದಿಯಲ್ಲಿ ನುಸುಳಿ ಮೂರನೆಯದಕ್ಕೆ ಹೋಗಿತ್ತು. ಅಲ್ಲಿ ಒಂದು ಕಡಿಮೆ, ಇಲ್ಲಿ ಒಂದು ಹೆಚ್ಚು, ಎರಡೂ ಕೂಡಿದರೆ ಸಮ, ಅದರ ಗೊಡವೆ ಬೇಡ ಎಂದ. ನಾಲ್ಕನೆಯದರಲ್ಲಿ ನಿಜವಾಗಿಯೂ ಒಂದು ಹೆಚ್ಚಿತ್ತು. ಅದರೊಳಗೆ ಗಬ್ಬದ ಕುರಿಗಳಿಗೆಂದು ಮಾಡಿದ ಸಣ್ಣ ಚೌಕಗಳಿದ್ದವು, ಅವಕ್ಕೂ ಸಣ್ಣ ಚೀಲ. ಒಂದರಲ್ಲಿ ಲೆಕ್ಕ ಸರಿ, ಇನ್ನೊಂದರಲ್ಲಿ ಹೆಚ್ಚು. ಆ ಇನ್ನೊಂದಕ್ಕೆ ಅಡ್ಡಲಾಗಿ ತಡಿಕೆ ಇಟ್ಟ, ಅರ್ಧವಾಯಿತು, ಮತ್ತೆ ಇಟ್ಟ, ಕಾಲಾಯಿತು. ಕೊನೆಗೆ ತಡಿಕೆಯ ಮೂಲೆಯಲ್ಲಿ ಒಂದೇ ಒಂದು ಕುರಿ ಉಳಿಯಿತು, ಒದ್ದೆ ಮರಿಯನ್ನು ನೆಕ್ಕುತ್ತಾ.

ಓಬುಳಪತಿ ಆ ಕುರಿಯನ್ನು ನೋಡಿದ. ಪೆಟ್ಟಿಗೆಯನ್ನು ಸಣ್ಣದು ಮಾಡುತ್ತಾ ಹೋಗಬೇಕು. ಎಷ್ಟು ಜೋರಾಗಿ ಹರಿದರೂ ಬಂದಷ್ಟೇ ಹೋಗುವ ಕಡೆ ಏನೂ ಇಲ್ಲ. ಹೆಚ್ಚು ಹೊರಟ ಕಡೆ, ಒಳಗೆಲ್ಲೋ ಒಂದು ಹುಟ್ಟು ಇದೆ. ಸಣ್ಣದು ಮಾಡಿ, ಇನ್ನೂ ಸಣ್ಣದು ಮಾಡಿ, ಪೆಟ್ಟಿಗೆ ಚುಕ್ಕೆಯಾದಾಗ ಆ ಹುಟ್ಟು ಇಲ್ಲೇ ಎಂದು ಬೆರಳಿಟ್ಟು ತೋರಿಸಬಹುದು. ಹನ್ನೊಂದು ವರ್ಷ ಚಾಯ್ಸಿಗೆ ಬಿಟ್ಟದ್ದು ಇಷ್ಟೇ ಆಗಿತ್ತು. ಅವನಿಗೆ ಆದ ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು. ಅವನು ತಡಿಕೆ ದಾಟಿ ಹೋಗಿ ಚೌಡಣ್ಣನ ಕಾಲಿಗೆ ಬಿದ್ದ. ದೂರದಲ್ಲಿ ಚೊಂಬು ಹಿಡಿದು ಹೋಗುತ್ತಿದ್ದ ಆಂಜಿನಪ್ಪ ಇದನ್ನು ಕಂಡು, ಚೌಡಣ್ಣ ಆಪರೇಷನ್ನಿಗೆ ಒಪ್ಪಿಕೊಂಡುಬಿಟ್ಟ ಎಂದು ಊರಿಗೆ ಸುದ್ದಿ ತಂದ.

ಪಾಠದ ದಿನ ವೆಂಕಟರಾಯಪ್ಪನವರು ಹೇಳಿದಂತೆ ಟ್ರ್ಯಾಕ್ಟರ್ ಹೊರಟಿತು. ಬರುವುದಿಲ್ಲ ಎನ್ನಲು ಊರಿನ ಗಂಡಸರಿಗೆ ಅವರ ಮುಖ ಅಡ್ಡ ಬಂತು, ಬರಲು ಆಪರೇಷನ್ನಿನ ಹೆದರಿಕೆ. ಏನೇ ಆದರೂ ಬಾಗಿಲ ಹತ್ತಿರವೇ ಕೂರುವುದು ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡು ಇಪ್ಪತ್ತಮೂರು ಜನ ಹತ್ತಿದರು. ಅಕ್ಕನ ಮನೆಯಲ್ಲಿ ಒಬ್ಬನೇ ಉಳಿಯಲು ಹೆದರಿ ಆಂಜಿನಪ್ಪನೂ ಅವರಲ್ಲೊಬ್ಬನಾದ.

ಕಾಲೇಜಿನ ರೂಮಿಗೆ ಎರಡು ಬಾಗಿಲು. ಕಿಟಕಿಗಳಿಗೆ ಇನ್ನೂ ಕಂಬಿ ಹಾಕಿರಲಿಲ್ಲ. ಮುಂದೆ ಪ್ರಿನ್ಸಿಪಾಲರೂ ಕಮಿಟಿಯ ಇಬ್ಬರೂ ಕೂತಿದ್ದರು, ಪಕ್ಕದಲ್ಲಿ ಅನಂತಪುರದ ಪ್ರೊಫೆಸರು, ಸಣಕಲು ಮುದುಕರು, ಕಿಸೆಯಲ್ಲಿ ಕೆಂಪು ಪೆನ್ನು. ಇನ್ನೂ ಹುಡುಗರು ಸೇರದ ಕಾಲೇಜಾದ್ದರಿಂದ ಪಾಠ ಕೇಳಲು ಜನ ಬಂದದ್ದು ಪ್ರಿನ್ಸಿಪಾಲರಿಗೆ ಹಿಗ್ಗೇ ಆಯಿತು. ವೆಂಕಟರಾಯಪ್ಪನವರು ಮೊದಲ ಬೆಂಚಿನಲ್ಲಿ, ತೊಡೆಯ ಮೇಲೆ ಹಾರ ಇಟ್ಟುಕೊಂಡು ಕೂತರು.

ಓಬುಳಪತಿ ಚೆನ್ನಾಗಿಯೇ ಶುರು ಮಾಡಿದ. ಹರಿವಿನ ಪ್ರತಿ ಚುಕ್ಕೆಗೂ ಒಂದೊಂದು ಬಾಣ ಬರೆದ. ಯಾವ ಕಡೆಗೆ, ಎಷ್ಟು ಜೋರಾಗಿ ಎಂದು ಬಾಣ ಹೇಳುತ್ತದೆ, ಬಾಣಗಳು ತುಂಬಿದ ಜಾಗವೇ ವೆಕ್ಟರ್ ಫೀಲ್ಡ್ ಎಂದ. ಬೋರ್ಡಿನ ಮೇಲೆ ಪೆಟ್ಟಿಗೆ ಬರೆದ, ಕುರಿಮಂದೆ ಬರೆದ. ಮುದುಕರ ಹುಬ್ಬು ಮೇಲಕ್ಕೇರಿತು, ಅವರು ಕುರ್ಚಿಯ ತುದಿಗೆ ಸರಿದರು. ಅಲ್ಲಿಗೆ ನಿಲ್ಲಿಸಿದ್ದರೆ ಕೆಲಸ ಆಗಿಹೋಗಿತ್ತು. ಆದರೆ ಹೊಸದಾಗಿ ತಿಳಿದವನಿಗೆ ನಿಲ್ಲಿಸುವುದು ತಿಳಿಯುವುದಿಲ್ಲ. ಅವನು ಬಗಲಿನಿಂದ ತ್ರಿಕೋನದ ಅಟ್ಟೆಯ ನೋಟ್‌ಬುಕ್ ತೆಗೆದು ಬೆಂಚುಗಳ ಕಡೆಗೆ ತಿರುಗಿದ.

"ಈಗ ಈ ರೂಮೇ ಪೆಟ್ಟಿಗೆ ಅನ್ಕೊಳ್ಳಿ. ನಿಮ್ಮನ್ನೆಲ್ಲ ಒಬ್ಬೊಬ್ಬರಾಗಿ ಎಣಿಸಿ ಬರ್ಕೊತೀನಿ. ಒಂದು…"

ಮೊದಲು ಎದ್ದದ್ದು ಮೂರನೆಯ ಬೆಂಚಿನ ಆಂಜಿನಪ್ಪ.  ಅವನ ಬೆಂಚಿನವರು ಎದ್ದರು, ಅದರ ಹಿಂದಿನವರು ಎದ್ದರು. ಎರಡು ಬಾಗಿಲೂ ಸಾಲದೆ ಕಿಟಕಿಗಳು ಉಪಯೋಗಕ್ಕೆ ಬಂದವು. ಕಮಿಟಿಯ ಒಬ್ಬ ಸದಸ್ಯರು ಭೂಕಂಪವೆಂದು ತಿಳಿದು ಅವರ ಜೊತೆಗೇ ಹೋದರು. ಓಬುಳಪತಿ ಎರಡು ಎನ್ನುವುದಕ್ಕೆ ಬಾಯಿ ತೆರೆದಾಗ ಎಣಿಸಲು ಎರಡನೆಯವರೇ ಉಳಿದಿರಲಿಲ್ಲ. ಹೊರಗೆ ಟ್ರ್ಯಾಕ್ಟರ್ ಸ್ಟಾರ್ಟ್ ಆದ ಸದ್ದು ಕೇಳಿಸಿತು.

ಬೆಂಚುಗಳಲ್ಲಿ ಉಳಿದವರು ವೆಂಕಟರಾಯಪ್ಪನವರೊಬ್ಬರೇ. ಅವರು ನಿಧಾನವಾಗಿ ಎದ್ದು, ಹಾರವನ್ನು ಬೆಂಚಿನ ಮೇಲಿಟ್ಟು, ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಪ್ರೊಫೆಸರ ಎದುರು ಹೋಗಿ ನಿಂತರು.

"ಸಾಮಿ, ಬರ್ಕೊಳ್ಳಿ. ವೆಂಕಟರಾಯಪ್ಪ, ಬೆಳುಗುಪ್ಪ. ವಯಸ್ಸು ಅರವತ್ತೆರಡು ಆಗೈತೆ, ಆದ್ರೂ ಕೇಸು ಕೇಸೇ ತಾನೆ. ಒಂದು ಕೇಸಿಗೆ ನಮ್ಮ ಅಳಿಯೋರ ಕೆಲಸ ಪರ್ಮನೆಂಟ್ ಆಗೋದಾದ್ರೆ ನನ್ನೇ ಕರ್ಕೊಂಡೋಗಿ."

ಓಬುಳಪತಿಯ ಕೈಯಿಂದ ಚಾಕ್‌ಪೀಸ್ ಬಿತ್ತು. ಇಷ್ಟು ದಿನ ಹೆಂಡತಿ ಹೇಳಿದ್ದೂ, ಮುನಿಯಕ್ಕ ಅತ್ತದ್ದೂ, ಬೀದಿ ಖಾಲಿಯಾದದ್ದೂ ಒಟ್ಟಿಗೆ ಅರ್ಥವಾದವು. ಅವನಿಗೆ ನಾಚಿಕೆಯಾಯಿತು, ಹಿಂದೆಂದೂ ಆಗದಷ್ಟು ನಾಚಿಕೆ. ಅವನು ಮಾವನ ಕೈ ಹಿಡಿದುಕೊಂಡು, ಕಮಿಟಿಯ ಎದುರೇ ಎಲ್ಲ ಹೇಳಿಬಿಟ್ಟ. ಇದು ಆಪರೇಷನ್ ಅಲ್ಲ, ಲೆಕ್ಕ. ತಾನು ಪರ್ಮನೆಂಟ್ ಅಲ್ಲ, ಯಾವತ್ತೂ ಆಗಿರಲಿಲ್ಲ. ಈ ಪಾಠವೂ ತನಗೆ ನಾಲ್ಕು ದಿನದ ಹಿಂದಿನವರೆಗೆ ಬರುತ್ತಿರಲಿಲ್ಲ.

ವೆಂಕಟರಾಯಪ್ಪನವರಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ.

"ಪರ್ಮನೆಂಟ್ ಇರೋನು ಜೂನ್ ತಿಂಗ್ಳೆಲ್ಲ ಪೋಸ್ಟ್‌ಮ್ಯಾನ್ ಬರೋ ದಾರೀಲೇ ನಿಂತಿರ್ತಾನಾ ಅಳಿಯೋರೆ. ನಂಗೂ ಗೊತ್ತಿತ್ತು, ನಮ್ಮ ಆದಿಗೂ ಗೊತ್ತಿತ್ತು. ನೀವಾಗಿ ಹೇಳ್ತೀರಿ ಅಂತ ಸುಮ್ನಿದ್ವಿ."

 ಪ್ರಿನ್ಸಿಪಾಲರು ಫೈಲು ಮುಚ್ಚಲು ಕೈ ಚಾಚಿದರು. ಪ್ರೊಫೆಸರು ಅವರನ್ನು ತಡೆದು, ಮುಕ್ಕಾಲು ಗಂಟೆಯಲ್ಲಿ ಇನ್ನೂ ಇಪ್ಪತ್ತು ನಿಮಿಷ ಬಾಕಿ ಇದೆ, ವಿದ್ಯಾರ್ಥಿ ಒಬ್ಬರಿದ್ದಾರೆ, ಪಾಠ ಮುಂದುವರಿಯಲಿ ಎಂದು ತೆಲುಗಿನಲ್ಲಿ ಹೇಳಿದರು. ಓಬುಳಪತಿ ಮಾವನನ್ನು ಬೆಂಚಿನ ಮೇಲೆ ಕೂರಿಸಿ, ನೋಟ್‌ಬುಕ್ಕನ್ನು ದೂರ ಇಟ್ಟು, ಕುರಿಮಂದೆಯಿಂದ ಇನ್ನೊಮ್ಮೆ ಶುರುಮಾಡಿದ. ವೆಂಕಟರಾಯಪ್ಪನವರು ಹುಟ್ಟಿದಾಗಿನಿಂದ ಮಂದೆ ಕಂಡವರು. ಅವರಿಗೆ ತಡಿಕೆ ಸಣ್ಣದು ಮಾಡುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುಗಿದ ಮೇಲೆ ಪ್ರೊಫೆಸರು ಕುರ್ಚಿಯನ್ನು ಅವರ ಹತ್ತಿರಕ್ಕೇ ಎಳೆದುಕೊಂಡು ಪ್ರಶ್ನೆ ಕೇಳಿದರು. ಈಗ ತಾನೇ ಈ ರೂಮಿನೊಳಕ್ಕೆ ಎಷ್ಟು ಜನ ಬಂದರು? ಯಾರೂ ಬರಲಿಲ್ಲ ಎಂದರು ವೆಂಕಟರಾಯಪ್ಪನವರು. ಹೊರಕ್ಕೆ? ಕಮಿಟಿಯ ಒಬ್ಬರನ್ನೂ ಸೇರಿಸಿದರೆ ಇಪ್ಪತ್ತನಾಲ್ಕು. ಆದರೆ ಜನ ಇಲ್ಲಿ ಹುಟ್ಟಲಿಲ್ಲವಲ್ಲ, ಇದ್ದವರು ಹೋಗಿ ರೂಮು ತೆಳ್ಳಗಾಯಿತು, ಅಷ್ಟೆ ಎಂದರು ಪ್ರೊಫೆಸರು. ಹಾಗಾದರೆ ಇಲ್ಲಿ ಹುಟ್ಟಿದ್ದು ಏನು, ಯಾವ ಚುಕ್ಕೆಯಲ್ಲಿ?

ವೆಂಕಟರಾಯಪ್ಪನವರು ಖಾಲಿ ಬೆಂಚುಗಳನ್ನೊಮ್ಮೆ ತಿರುಗಿ ನೋಡಿದರು.

"ಹುಟ್ಟಿದ್ದು ಭಯ ಸಾಮಿ. ಮೂರನೇ ಬೆಂಚು, ಆಂಜಿನಪ್ಪ ಕೂತಿದ್ದ ಜಾಗ. ಅಲ್ಲಿಂದ ಎಲ್ಲಾ ಕಡೆಗೂ ಹರೀತು."

ಪ್ರೊಫೆಸರು ಆ ಮೂರನೆಯ ಬೆಂಚನ್ನೇ ನೋಡುತ್ತಾ ಕೂತರು. ಆಮೇಲೆ ಹೊರಗೆ ಯಾರಾದರೂ ಇದ್ದಾರೋ ಎಂದು ಬಾಗಿಲ ಕಡೆ ನೋಡಿದರು. ಅಂಥ ಮಾತನ್ನು ಗಟ್ಟಿಯಾಗಿ ಆಡುವ ಕಾಲ ಅದಾಗಿರಲಿಲ್ಲ. ಅವರು ಕೆಂಪು ಪೆನ್ನು ತೆಗೆದು ಫೈಲಿನಲ್ಲಿ ಎರಡು ಸಾಲು ಬರೆದು, ಈ ಹುಡುಗನಿಗೆ ಆರ್ಡರ್ ಕೊಡಿ ಎಂದು ಪ್ರಿನ್ಸಿಪಾಲರ ಕಡೆಗೆ ತಳ್ಳಿದರು. ಪರ್ಮನೆಂಟಾ ಎಂದು ಪ್ರಿನ್ಸಿಪಾಲರು ಕೇಳಿದ್ದಕ್ಕೆ, ಇಂಥ ಮಾವ ಇರುವವನನ್ನು ಟೆಂಪೊರರಿಯಾಗಿ ಇಟ್ಟುಕೊಳ್ಳಲು ನಾಚಿಕೆಯಾಗುವುದಿಲ್ಲವೇ ಎಂದರು.

ಹಾರ ಯಾರ ಕೊರಳಿಗೆ ಎಂಬುದರಲ್ಲಿ ಮಾವ ಅಳಿಯನ ನಡುವೆ ಸ್ವಲ್ಪ ಎಳೆದಾಟ ನಡೆದು, ಕೊನೆಗೆ ಅದು ಪ್ರೊಫೆಸರ ಕೊರಳಿಗೆ ಬಿತ್ತು. ಟ್ರ್ಯಾಕ್ಟರ್ ಹೋಗಿಬಿಟ್ಟಿದ್ದರಿಂದ ಇಬ್ಬರೂ ನಡೆದೇ ಹೊರಟರು. ಗೇಟಿನವರೆಗೆ ಪ್ರಿನ್ಸಿಪಾಲರೇ ಬಂದರು. ಆರ್ಡರಿನ ಕಾಗದವನ್ನು ಓಬುಳಪತಿಯ ಕೈಗೆ ಕೊಟ್ಟು, ಅತ್ತ ಇತ್ತ ನೋಡಿ, ವೆಂಕಟರಾಯಪ್ಪನವರ ಕಿವಿಯ ಹತ್ತಿರ ಬಾಗಿದರು.

"ಯಜಮಾನ್ರೇ, ಆಗ ಒಂದು ಮಾತಂದ್ರಲ್ಲ, ಕೇಸು ಅಂತ. ಅದನ್ನ ಹಿಂದಕ್ಕೆ ತಗೊಂಡಿಲ್ಲ ತಾನೆ. ನಮ್ಮ ಕಾಲೇಜಿಗೂ ಒಂದು ಕಡಿಮೆ ಬಿದ್ದೈತೆ."

ವೆಂಕಟರಾಯಪ್ಪನವರು ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ, ಅಳಿಯನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ಕಡೆಗೆ ಬಿರಬಿರನೆ ನಡೆದರು.